ಗ್ಯಾಸ್ ಗೀಸರ್: ವಾಲ್ವ್ ಸರಿ, ಗಾಳಿ ಸರಿಯೇ?

ಗ್ಯಾಸ್ ಗೀಸರ್ ಹೊತ್ತಿಕೊಳ್ಳದ ದಿನ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಬ್ಯಾಟರಿ ಬದಲಿಸುತ್ತೇವೆ, ಸಿಲಿಂಡರ್ ಎತ್ತಿ ತೂಕ ನೋಡುತ್ತೇವೆ, ಸಂಜೆಯೊಳಗೆ ಮೆಕ್ಯಾನಿಕ್ ಬಂದು ಹೋಗಿರುತ್ತಾರೆ. ಚೆನ್ನಾಗಿ ಉರಿಯುತ್ತಿರುವಷ್ಟು ದಿನ ಮಾತ್ರ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಚಳಿಗಾಲದಲ್ಲಿ ಬೆಂಗಳೂರಿನ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುವ ಆ ಸಾವುಗಳು, ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎನ್ನುವ ಸುದ್ದಿಗಳು, ಹೊತ್ತಿಕೊಳ್ಳದ ಗೀಸರ್‌ನಿಂದ ಆದವಲ್ಲ. ಸರಾಗವಾಗಿ ಉರಿದು, ಬಿಸಿನೀರು ಕೊಡುತ್ತಲೇ ಇದ್ದ ಗೀಸರ್‌ನಿಂದ ಆದವು. ಆದ್ದರಿಂದ ತಪಾಸಣೆ ಆಗಬೇಕಾದದ್ದು ಗೀಸರ್ ಕೆಟ್ಟಾಗ ಅಲ್ಲ, ಚೆನ್ನಾಗಿರುವಾಗ.

ಮೊದಲು ಅದರ ಹೊಟ್ಟೆಯೊಳಗಿನ ವಾಲ್ವ್ ನೋಡೋಣ. ಮುಂದಿನ ತಗಡು ಬಿಚ್ಚಿದರೆ ನೀರಿನ ಪೈಪು ಬಂದು ಸೇರುವ ಜಾಗದಲ್ಲಿ ಒಂದು ಹಿತ್ತಾಳೆಯ ಡಬ್ಬಿ ಇರುತ್ತದೆ. ಅದರೊಳಗೆ ಅಂಗೈಯಗಲದ ರಬ್ಬರ್ ಡಯಾಫ್ರಮ್, ಅದಕ್ಕೆ ಆತುಕೊಂಡು ಒಂದು ಸಣ್ಣ ಸರಳು. ನಲ್ಲಿ ತಿರುಗಿಸಿದಾಗ ಹರಿಯುವ ನೀರಿನ ಒತ್ತಡಕ್ಕೆ ರಬ್ಬರ್ ಉಬ್ಬುತ್ತದೆ, ಸರಳು ಮುಂದಕ್ಕೆ ಸರಿದು ಗ್ಯಾಸಿನ ವಾಲ್ವ್ ತೆರೆಯುತ್ತದೆ, ಜೊತೆಗೇ ಒಂದು ಪುಟ್ಟ ಸ್ವಿಚ್ಚನ್ನು ಬಿಡಿಸುತ್ತದೆ. ಟಕಟಕ ಕಿಡಿ ಹಾರಿ ಬರ್ನರ್ ಹೊತ್ತಿಕೊಳ್ಳುತ್ತದೆ. ನಲ್ಲಿ ಮುಚ್ಚಿದರೆ ಸ್ಪ್ರಿಂಗು ಸರಳನ್ನು ಹಿಂದಕ್ಕೆ ತಳ್ಳಿ ಗ್ಯಾಸ್ ನಿಲ್ಲಿಸುತ್ತದೆ. ಇಷ್ಟೇ ಯಂತ್ರ. ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಈ ಸರಳಿನ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಆಗ ಸರಳು ಮುಂದಕ್ಕೆ ಹೋದದ್ದು ಹಿಂದಕ್ಕೆ ಬರಲು ತಡಮಾಡುತ್ತದೆ, ಕೆಲವೊಮ್ಮೆ ಅಲ್ಲೇ ಕಚ್ಚಿಕೊಳ್ಳುತ್ತದೆ. ನೀರು ನಿಂತರೂ ಬೆಂಕಿ ನಿಲ್ಲುವುದಿಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಗೀಸರ್ ಉರಿಯುತ್ತಿರುವಾಗ ನಲ್ಲಿ ಪೂರ್ತಿ ಮುಚ್ಚಿ. ಜ್ವಾಲೆ ತಕ್ಷಣ ಆರಬೇಕು. ಎರಡು ಮೂರು ಸೆಕೆಂಡು ಎಳೆದಾಡಿ ಆರಿದರೂ ಆ ವಾಲ್ವನ್ನು ಬಿಚ್ಚಿ ತೊಳೆಸುವ, ಡಯಾಫ್ರಮ್ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಆ ಕೆಲಸ ಮಾತ್ರ ಗ್ಯಾಸ್ ಗೀಸರ್ ಬಲ್ಲ ಮೆಕ್ಯಾನಿಕ್‌ನಿಂದಲೇ ಆಗಬೇಕು.

ಹಾಗೆಯೇ ಜ್ವಾಲೆಯ ಬಣ್ಣವನ್ನೂ ನೋಡಿ. ನೀಲಿಯಾಗಿ, ನೆಟ್ಟಗೆ ಉರಿಯಬೇಕು. ತುದಿಯಲ್ಲಿ ಹಳದಿ ಕಾಣಿಸಿದರೆ, ಮೇಲ್ಭಾಗದ ತಗಡಿನಲ್ಲಿ ಮಸಿ ಹಿಡಿದಿದ್ದರೆ, ಅನಿಲ ಪೂರ್ತಿ ಉರಿಯುತ್ತಿಲ್ಲ. ಒಳಗಿನ ತಾಮ್ರದ ರೆಕ್ಕೆಗಳ ನಡುವೆ ಧೂಳು, ಜೇಡರ ಬಲೆ ಸೇರಿಕೊಂಡಿರಬಹುದು. ಅಂಥ ಗೀಸರನ್ನು ಮತ್ತೊಂದು ದಿನವೂ ಬಳಸಬಾರದು.

ಇನ್ನು ಸಿಲಿಂಡರ್ ಕಡೆ. 14.2 ಕಿಲೋ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷ ಬರೆದಿರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಗಡುವು ದಾಟಿದ ಸಿಲಿಂಡರ್ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ. ನೋಡಲು ಹೊಸದರಂತಿದ್ದರೂ ಗಡುವಿಗೆ ಬದಲಿಸಬೇಕು. ಒಂದೇ ರೆಗ್ಯುಲೇಟರಿಗೆ ಟೀ ಜೋಡಿಸಿ ಒಲೆಗೂ ಗೀಸರ್‌ಗೂ ಗ್ಯಾಸ್ ಎಳೆಯುವ ಅಭ್ಯಾಸ ನಮ್ಮಲ್ಲಿದೆ. ಅದು ಬೇಡವೇ ಬೇಡ. ಸೋರಿಕೆಯ ಅನುಮಾನ ಬಂದರೆ ಸೋಪಿನ ನೊರೆಯನ್ನು ಜೋಡಣೆಗಳ ಮೇಲೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ದಯವಿಟ್ಟು ಅವರನ್ನು ತಡೆಯಿರಿ. ವಾಸನೆ ಜೋರಾಗಿದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ಇನ್ನೊಂದು ಮಾತು. ಡಿಸೆಂಬರ್ ಬೆಳಗ್ಗೆ ಸಿಲಿಂಡರಿನಲ್ಲಿ ಗ್ಯಾಸ್ ಇದ್ದೂ ಜ್ವಾಲೆ ಸಣ್ಣಗಾಗುವುದು ಕೆಟ್ಟ ವಾಲ್ವಿನಿಂದಲೇ ಆಗಬೇಕಿಲ್ಲ. ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಚಳಿಯಲ್ಲಿ ನಿಧಾನಕ್ಕೆ ಆವಿಯಾಗುತ್ತದೆ, ಅದರಲ್ಲೂ ತಳ ಸೇರಿದ ಸಿಲಿಂಡರಿನಲ್ಲಿ. ಅದಕ್ಕಾಗಿ ಸಿಲಿಂಡರ್ ಮೇಲೆ ಕುದಿನೀರು ಸುರಿಯುವುದು, ಅದನ್ನು ಅಡ್ಡ ಮಲಗಿಸುವುದು ಎರಡೂ ಅಪಾಯ. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಬೆಂಗಳೂರು, ಮಂಗಳೂರಿನಲ್ಲಿ ಈಗ ಕೊಳವೆ ಅನಿಲ ಬರುತ್ತಿದೆ. ಎಲ್‌ಪಿಜಿಗೆಂದು ಮಾಡಿದ ಗೀಸರನ್ನು ಹಾಗೇ ಅದಕ್ಕೆ ಜೋಡಿಸುವಂತಿಲ್ಲ, ಜೆಟ್ ಬದಲಿಸಬೇಕು. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಕೊಳವೆ ಅನಿಲ ಹಗುರ, ಚಾವಣಿಗೆ ಏರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಗೀಸರ್ ಕೊಲ್ಲಬಲ್ಲದು. ಅದರೊಳಗಿನ ವಾಲ್ವುಗಳು ಕಾಯುವುದು ನೀರನ್ನು, ಜ್ವಾಲೆಯನ್ನು. ನೀವು ಉಸಿರಾಡುವ ಗಾಳಿಯನ್ನಲ್ಲ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಸುಮಾರು 10ರಿಂದ 12 ಕಿಲೊವಾಟ್ ಶಕ್ತಿಯದು. ಅಡುಗೆ ಒಲೆಯ ದೊಡ್ಡ ಬರ್ನರಿನ ನಾಲ್ಕೈದು ಪಟ್ಟು. ಹತ್ತು ನಿಮಿಷದಲ್ಲಿ ಸುಮಾರು 150 ಗ್ರಾಂ ಅನಿಲ ಉರಿಯುತ್ತದೆ, ಅದಕ್ಕೆ ಸುಮಾರು 1,800 ಲೀಟರ್ ಗಾಳಿ ಬೇಕು. ಐದಡಿ ಆರಡಿಯ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 6,800 ಲೀಟರ್. ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಇಳಿದರೆ ಲೆಕ್ಕ ನೀವೇ ಹಾಕಿ. ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಹಂಡೆಯ ಕಾಲದ ಬಚ್ಚಲುಮನೆಗೆ ಹೊಗೆ ಹೋಗಲು ಹೆಂಚಿನಲ್ಲಿ ಗವಾಕ್ಷಿ ಇರುತ್ತಿತ್ತು, ತಾಮ್ರದ ಬಾಯ್ಲರಿಗೆ ನಡುವೆಯೇ ಹೊಗೆಕೊಳವೆ ಇರುತ್ತಿತ್ತು. ಕಣ್ಣುರಿಸುವ ಹೊಗೆಗೆ ದಾರಿ ಮಾಡಿಕೊಟ್ಟೆವು. ಕಾಣದ ಹೊಗೆಗೆ ಕಿಟಕಿಯನ್ನೂ ಮುಚ್ಚಿಬಿಟ್ಟೆವು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬೇಡಿ. ಒಳಗೆ ಗಾಳಿ ಬರಲು ಕಿಂಡಿಯಿಲ್ಲದಿದ್ದರೆ ಫ್ಯಾನ್ ಎಳೆಯುವುದೇನನ್ನು? ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಬ್ಯಾಟರಿಯ ಗೀಸರ್ ಉರಿಯುತ್ತಲೇ ಇರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇರಲೇಬಾರದು. ಹೊರಗಿನ ಗೋಡೆಗೋ ಗಾಳಿಯಾಡುವ ಯುಟಿಲಿಟಿಗೋ ಅದನ್ನು ಸಾಗಿಸಿ, ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಒತ್ತಾಯಿಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ.

ಬಚ್ಚಲಿನಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ನೀರಿನ ಬಿಸಿಗೆ ಹೀಗಾಯಿತೆಂದು ಕೂರದೆ ತಕ್ಷಣ ಹೊರಗೆ ಬನ್ನಿ. ಯಾರಾದರೂ ಬಿದ್ದಿದ್ದರೆ ಗಾಳಿಗೆ ತಂದು ನೇರ ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತೆಂದು ಸಮಾಧಾನಪಡಬೇಡಿ, ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತಕ್ಕೂ ಆಮ್ಲಜನಕ ಇರುವ ರಕ್ತಕ್ಕೂ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.