ಕೆಂಡದ ಊಟಕ್ಕೆ ಯಾವ ವೈನ್?



ದಿಕ್ಸೂಚಿ ಭಾಷಣಕ್ಕೆ ವೈನ್ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮಲ್ಲಿ ಹೆಚ್ಚಿನವರು ಮದ್ಯದ ಹೆಸರೆತ್ತದ ಮನೆಗಳಲ್ಲಿ ಬೆಳೆದವರು. ಮಲೇಷ್ಯಾಕ್ಕೆ ಕೆಲಸಕ್ಕೆ ಬಂದ ಮೇಲೆ ಕಾಂಡೋದ ಈಜುಕೊಳದ ಪಕ್ಕ ಬಾರ್ಬೆಕ್ಯೂ ಒಲೆ ಸಿಗುತ್ತದೆ, ಸಹೋದ್ಯೋಗಿಗಳನ್ನು ಕರೆಯುವ ದಿನವೂ ಬರುತ್ತದೆ. ಆಗ ಅಂಗಡಿಯ ಕಪಾಟಿನ ಮುಂದೆ ನಿಂತು ಏನು ಕೊಳ್ಳಬೇಕೆಂದು ತಿಳಿಯದೆ ಪೇಚಾಡುತ್ತೇವೆ. ಕುಡಿಯಿರಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಬಡಿಸುವವರು ತಿಳಿದು ಬಡಿಸಲಿ ಎಂಬುದಷ್ಟೇ ನನ್ನ ಆಸೆ.

ನನ್ನ ಮೊದಲ ವರ್ಷದ ಕಥೆ ಕೇಳಿ. ಮೇಲಧಿಕಾರಿಯೂ ಬರುತ್ತಾರೆಂದು ಕೈಗೆ ನಿಲುಕದ ಬೆಲೆಯ ಗಟ್ಟಿ ಕೆಂಪು ವೈನ್ ಎರಡು ಬಾಟಲಿ ತಂದಿದ್ದೆ. ಮಧ್ಯಾಹ್ನವೆಲ್ಲ ಅವು ಕಾರಿನ ಡಿಕ್ಕಿಯಲ್ಲೇ ಇದ್ದವು. ಸಂಜೆ ಘೀ ರೋಸ್ಟ್ ಮಸಾಲೆ ಹಚ್ಚಿದ ಕೋಳಿ ರೆಕ್ಕೆಯ ಜೊತೆ ಸುರಿದರೆ, ಬಾಯಿಗೆ ಬೆಂಕಿ ಬಿದ್ದಂತಾಯಿತು. ಎಲ್ಲರೂ ಒಂದು ಗುಟುಕು ಕುಡಿದು ಗ್ಲಾಸು ಪಕ್ಕಕ್ಕಿಟ್ಟರು. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಷಡ್ರಸ ಗೊತ್ತಿದ್ದರೆ ಸಾಕು

ವೈನ್ ಪುಸ್ತಕಗಳ ಪದಗಳಿಗೆ ಹೆದರಬೇಕಿಲ್ಲ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರಸಗಳನ್ನು ಎಣಿಸುವ ನಾಲಗೆ ನಮ್ಮದು. ಕೆಂಪು ವೈನಿನ ‘ಟ್ಯಾನಿನ್’ ಎಂದರೆ ನೇರಳೆ ಹಣ್ಣು ತಿಂದಾಗ, ಹಸಿ ಅಡಿಕೆ ಜಗಿದಾಗ ನಾಲಗೆ ಒಣಗಿಸುವ ಅದೇ ಒಗರು. ಬಿಳಿ ವೈನಿನ ‘ಆಸಿಡಿಟಿ’ ಎಂದರೆ ಹುಳಿ. ಈ ರಸಗಳು ಒಂದನ್ನೊಂದು ಹೇಗೆ ಏರಿಸುತ್ತವೆ, ಹೇಗೆ ಇಳಿಸುತ್ತವೆ ಎಂದು ನೋಡಿಕೊಂಡರೆ ಆಯ್ಕೆ ಮುಗಿಯಿತು.

ಖಾರದಿಂದ ಶುರು ಮಾಡೋಣ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನು ಕೆಣಕುತ್ತದೆ. ಆಲ್ಕೋಹಾಲ್ ಕೂಡ ಅವನ್ನೇ ಕೆಣಕುತ್ತದೆ. ಹಾಗಾಗಿ ಶೇ. 14–15 ಆಲ್ಕೋಹಾಲ್ ಇರುವ ವೈನ್ ಖಾರದ ಜೊತೆ ಉರಿ ಹೆಚ್ಚಿಸುತ್ತದೆ. ಒಗರು ಅದಕ್ಕೆ ಇನ್ನಷ್ಟು ಒರಟುತನ ಸೇರಿಸುತ್ತದೆ. ಸ್ವಲ್ಪ ಸಿಹಿ ಮತ್ತು ತಂಪು ಉರಿಯನ್ನು ತಗ್ಗಿಸುತ್ತವೆ. ಖಾರ ಏರಿದಷ್ಟೂ ಆಲ್ಕೋಹಾಲ್ ಇಳಿಯಲಿ, ಇದು ಮೊದಲ ಸೂತ್ರ.

ಮಾಂಸ ನೋಡಬೇಡಿ, ಮಸಾಲೆ ನೋಡಿ

‘ಕೋಳಿಗೆ ಬಿಳಿ, ಕುರಿಗೆ ಕೆಂಪು’ ಎಂಬ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಕಾಜಾಂಗ್ ಊರಿಗೆ ಹೆಸರು ತಂದ ಸಾತೆಯನ್ನೇ ತೆಗೆದುಕೊಳ್ಳಿ. ಅರಿಶಿನ, ನಿಂಬೆಹುಲ್ಲು ಹಚ್ಚಿ ಸುಟ್ಟ ಮಾಂಸ, ಪಕ್ಕದಲ್ಲಿ ಸಿಹಿ ಖಾರದ ಶೇಂಗಾ ಗೊಜ್ಜು. ಇಲ್ಲಿ ಆ ಗೊಜ್ಜೇ ಯಜಮಾನ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಬರೀ ಹುಳಿಯಾಗಿ ಕಾಣುತ್ತದೆ, ಪಾಯಸದ ಮೇಲೆ ಮಜ್ಜಿಗೆ ಕುಡಿದ ಹಾಗೆ. ಆದ್ದರಿಂದ ತುಸು ಸಿಹಿ ಉಳಿದ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂ ಒಳ್ಳೆಯದು. ಗುರುತಿಸುವುದು ಸುಲಭ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ. ರೀಸ್ಲಿಂಗ್ ಲೇಬಲ್ ಮೇಲೆ ಶೇ. 8–10 ಎಂದಿದ್ದರೆ ಸಕ್ಕರೆ ಸ್ವಲ್ಪ ಉಳಿದಿದೆ ಎಂದೇ ಸಾಮಾನ್ಯವಾಗಿ ಅರ್ಥ. ಜರ್ಮನ್ ಬಾಟಲಿಯ ಮೇಲೆ ‘ಟ್ರೋಕನ್’ ಎಂದಿದ್ದರೆ ಅದು ಸಿಹಿಯಿಲ್ಲದ್ದು.

ಇನ್ನು ಇಕಾನ್ ಬಕಾರ್. ಇಲ್ಲಿನ ‘ಕೆಂಬುಂಗ್’ ನಮ್ಮ ಕರಾವಳಿಯ ಬಂಗುಡೆಯೇ. ಬಾಳೆಲೆಯ ಮೇಲೆ ಮಸಾಲೆ ಮೆತ್ತಿ ಸುಡುವುದನ್ನು ಕಂಡರೆ ಮಲ್ಪೆಯವರಿಗೂ ಕಾರವಾರದವರಿಗೂ ಊರು ನೆನಪಾಗದೆ ಇರದು. ಒಂದು ವ್ಯತ್ಯಾಸ ನೆನಪಿರಲಿ: ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು ಕೊಡುತ್ತದೆ, ಖಾರ ಕಡಿಮೆ. ಇಲ್ಲಿನ ಚಿಲಿ ಪಾಡಿ ಹಾಗಲ್ಲ. ಮಸಾಲೆ ಹದವಾಗಿದ್ದರೆ ನ್ಯೂಜಿಲೆಂಡಿನ ಮಾರ್ಲ್‌ಬರೋ ಸೊವಿನ್ಯೋನ್ ಬ್ಲಾಂ ಸರಿ. ಅದರ ಹುಳಿ, ಮೀನಿನ ಮೇಲೆ ನಿಂಬೆ ಹಿಂಡಿದ ಕೆಲಸ ಮಾಡುತ್ತದೆ. ಸಂಬಾಲ್ ಜೋರಾಗಿದ್ದರೆ ಮತ್ತೆ ರೀಸ್ಲಿಂಗಿಗೆ ಬನ್ನಿ. ಎಣ್ಣೆಯಂಶದ ಮೀನಿಗೆ ಗಟ್ಟಿ ಕೆಂಪು ವೈನ್ ಮಾತ್ರ ಬೇಡ. ಬಾಯಲ್ಲಿ ಲೋಹದ ರುಚಿ ಬಂದು ಮೀನಿನ ನಾತವೇ ಮೇಲೇಳುತ್ತದೆ.

ಹಾಗಾದರೆ ಕೆಂಪು ವೈನ್ ಯಾವಾಗ? ಉಪ್ಪು, ಕಾಳುಮೆಣಸು ಹಾಕಿ ಸುಟ್ಟ ಕುರಿಮಾಂಸಕ್ಕೆ. ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಒಗರನ್ನು ಹಿಡಿದು ಮೃದು ಮಾಡುತ್ತವೆ. ಆಸ್ಟ್ರೇಲಿಯಾದ ಶಿರಾಜ್‌ನಲ್ಲಿ ಕಾಳುಮೆಣಸಿನ ಘಮವೂ ಇರುವುದುಂಟು. ಕೊಡಗಿನವರು ಕಾಚಂಪುಳಿ ಹಾಕಿ ಹಂದಿಮಾಂಸ ಸುಟ್ಟರೆ, ಒಗರು ಕಡಿಮೆಯಿರುವ ಗ್ರೆನಾಶ್ ಅಥವಾ ಪಿನೋ ನ್ವಾರ್ ಸಾಕು. ಸಿಹಿ ಬಾರ್ಬೆಕ್ಯೂ ಸಾಸ್ ಬಳಿದ ಸಾಸೇಜ್, ಬರ್ಗರ್‌ಗಳಿಗೆ ಹಣ್ಣಿನ ರುಚಿ ಮುಂದಿರುವ ಮಾಲ್ಬೆಕ್ ಅಥವಾ ಜಿನ್‌ಫಂಡೆಲ್.

ಸಸ್ಯಾಹಾರಿಗಳನ್ನು ಕೊನೆಗೆ ನೆನೆಯುವುದು ಬಾರ್ಬೆಕ್ಯೂಗಳ ಹಳೆಯ ರೋಗ. ಬೆಣ್ಣೆ ಸವರಿದ ಮುಸುಕಿನ ಜೋಳಕ್ಕೆ ಶಾರ್ಡನೆ, ಸುಟ್ಟ ಬದನೆಕಾಯಿಗೂ ಪನೀರಿಗೂ ರೋಸೆ ಚೆನ್ನಾಗಿ ಹೊಂದುತ್ತವೆ. ಎಲ್ಲ ಬಗೆಯ ತಿಂಡಿಯೂ ಒಂದೇ ಮೇಜಿನ ಮೇಲಿದ್ದು, ಒಂದೇ ಬಾಟಲಿಗೆ ದುಡ್ಡಿದ್ದರೆ, ರೋಸೆಯನ್ನೇ ತನ್ನಿ.

ಸೆಖೆಯ ಲೆಕ್ಕ

‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ’ ಎಂಬ ಮಾತು ಯುರೋಪಿನ ತಣ್ಣನೆ ಮನೆಗಳಿಂದ ಬಂದದ್ದು. ಅಲ್ಲಿ ಅದರ ಅರ್ಥ 16–18 ಡಿಗ್ರಿ. ಕೌಲಾಲಂಪುರದಲ್ಲಿ ಸಂಜೆಯೂ 28–30 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಮೂಗಿಗೆ ಆಲ್ಕೋಹಾಲ್ ಬಿಟ್ಟು ಬೇರೇನೂ ಬಡಿಯದು. ಕೆಂಪು ವೈನನ್ನೂ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿ ಮತ್ತು ರೋಸೆಗೆ ಬಕೆಟ್ಟಿನಲ್ಲಿ ಐಸ್ ಮಾತ್ರವಲ್ಲ, ನೀರೂ ಒಂದು ಹಿಡಿ ಉಪ್ಪೂ ಹಾಕಿ. 20 ನಿಮಿಷದಲ್ಲಿ ತಣ್ಣಗಾಗುತ್ತದೆ. ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಗ್ಲಾಸ್ ಬರುತ್ತವೆ ಎಂದು ಲೆಕ್ಕ ಹಾಕಿ.

ಈ ದೇಶದಲ್ಲಿ ಮದ್ಯದ ತೆರಿಗೆ ಜಾಸ್ತಿ. ಊರಿಗೆ ಕಳಿಸಬೇಕಾದ ದುಡ್ಡನ್ನು ಬಾಟಲಿಗೆ ಹಾಕಬೇಡಿ. ಹೊಗೆ, ಮಸಾಲೆಗಳ ನಡುವೆ ದುಬಾರಿ ವೈನಿನ ಸೂಕ್ಷ್ಮ ಯಾರಿಗೂ ತಿಳಿಯದು. ತಿರುಪು ಮುಚ್ಚಳದ ಸಾಧಾರಣ ಬಾಟಲಿಗೆ ನಾಚಬೇಕಾದ್ದಿಲ್ಲ. ವೈನ್ ನಮಗೆ ತೀರಾ ಪರಕೀಯವೂ ಅಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯುತ್ತಾರೆ, ಕರ್ನಾಟಕ 2007ರಲ್ಲೇ ದ್ರಾಕ್ಷಾರಸ ನೀತಿ ತಂದಿದೆ.

ಮೇಜಿನ ಸುತ್ತ ಯಾರಿದ್ದಾರೆ?

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಆ ಸಂಜೆ ಒಬ್ಬ ಮಲಯ ಸಹೋದ್ಯೋಗಿಯೂ ಬಂದಿದ್ದರು. ನಾನು ಬಾಟಲಿಗಳನ್ನು ಮೇಜಿನ ನಡುವೆಯೇ ಮೆರೆಸಿದ್ದೆ. ಒಲೆಯ ಜಾಲರಿಯ ಮೇಲೆ ಹಿಂದೆ ಯಾರು ಏನು ಸುಟ್ಟಿದ್ದರೆಂದು ಯೋಚಿಸಿಯೂ ಇರಲಿಲ್ಲ. ಅವರು ದೂರದ ಕುರ್ಚಿಯಲ್ಲಿ ನೀರು ಕುಡಿಯುತ್ತ ಕೂತಿದ್ದು, ಬೇರೆ ಕೆಲಸವಿದೆ ಎಂದು ನಗುತ್ತಲೇ ಬೇಗ ಹೊರಟರು. ನನ್ನನ್ನು ಮೊದಲ ದಿನದಿಂದ ಕೈಹಿಡಿದು ಕೆಲಸ ಕಲಿಸಿದವರು ಅವರೇ. ಅವರು ಉಪವಾಸ ಹೋದರೆಂದು ನನಗೆ ಹೊಳೆದದ್ದು ಪಾತ್ರೆ ತೊಳೆಯುವಾಗ.

ಇಲ್ಲಿ ಮುಸ್ಲಿಮರಿಗೆ ಮದ್ಯ ಷರೀಯತ್ ಕಾನೂನಿನಂತೆ ನಿಷಿದ್ಧ. ಮದ್ಯವಿರುವ ಮೇಜಿನಲ್ಲಿ ಕೂರಲೂ ಹಲವರು ಒಪ್ಪುವುದಿಲ್ಲ. ಅಂಥ ಅತಿಥಿ ಬರುವ ದಿನ ವೈನ್ ಬೇಡವೇ ಬೇಡ. ಹಲಾಲ್ ಮಾಂಸ, ಬೇರೆ ಜಾಲರಿ ಇರಲಿ. ಉಳಿದ ದಿನಗಳಿಗೂ ಎರಡು ಕಾನೂನು ನೆನಪಿಡಿ. ಮದ್ಯ ಕೊಳ್ಳುವ ವಯಸ್ಸು 2017ರಿಂದ 21. ವಾಹನ ಓಡಿಸುವವರ ರಕ್ತದ ಮಿತಿ 2020ರಿಂದ 100 ಮಿ.ಲೀ.ಗೆ 50 ಮಿ.ಗ್ರಾಂ.; ಮೀರಿದರೆ ಮೊದಲ ಸಲವೇ ಕನಿಷ್ಠ 10,000 ರಿಂಗಿಟ್ ದಂಡ, ಜೈಲೂ ಆಗಬಹುದು. ವರ್ಕ್ ಪರ್ಮಿಟ್ ಮೇಲೆ ಬದುಕುವ ನಮಗೆ ಅದು ದಂಡದಲ್ಲೇ ಮುಗಿಯುತ್ತದೆಂದು ನಂಬಿ ಕೂರಲಾಗದು. ಗ್ರ್ಯಾಬ್ ಕರೆಯಿರಿ.

ಕುಡಿಯದವರಿಗೆ ಬರೀ ನೀರಿಟ್ಟು ಕೈತೊಳೆದುಕೊಳ್ಳಬೇಡಿ. ಅದೇ ಷಡ್ರಸದ ಲೆಕ್ಕ ಇಲ್ಲೂ ನಡೆಯುತ್ತದೆ. ಸುಟ್ಟ ಮೀನಿಗೆ ಪುನರ್ಪುಳಿ ಶರಬತ್ತು, ಸಾತೆಗೆ ಇಲ್ಲಿನ ಅಸಾಮ್ ಬೋಯಿ ನಿಂಬೆ ಪಾನಕ, ಕುರಿಮಾಂಸಕ್ಕೆ ಒಗರಿನ ತಣ್ಣನೆ ಕಪ್ಪು ಚಹಾ.

ಮರುವರ್ಷ ಆ ಸಹೋದ್ಯೋಗಿಯನ್ನು ಕುಟುಂಬ ಸಮೇತ ಕರೆದೆ. ಹೊಸ ಜಾಲರಿ ತಂದಿದ್ದೆ, ವೈನ್ ಇರಲಿಲ್ಲ. ಊರಿಂದ ತಂದ ಪುನರ್ಪುಳಿ ಸಿಪ್ಪೆ ನೆನೆಸಿ ಶರಬತ್ತು ಮಾಡಿದ್ದೆ. ಅವರು ಮೂರನೆಯ ಗ್ಲಾಸ್ ಕೇಳಿ ಪಡೆದು, ರಾತ್ರಿ ಹತ್ತರವರೆಗೂ ಕೂತಿದ್ದರು.