ಕಳ್ಳಿಯ ಬೇಲಿಯನ್ನು ಬುಡದಿಂದಲೇ ಕವಲೊಡೆಯಿಸುವ ಕ್ರಮ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಳೆಯ ತೆಂಗಿನ ಸಸಿಗೆ ದನಕರುಗಳಿಂದಾಗುವ ಹಾನಿಯು ರೈತರೆಲ್ಲರಿಗೂ ತಿಳಿದುದೇ ಆಗಿದೆ. ಇದನ್ನು ತಡೆಯಲು ಬೊಂತೆಗಳ್ಳಿ ಎಂಬ ಕಡ್ಡಿಕಳ್ಳಿಯ ಬೇಲಿಯು ಅಲ್ಪವೆಚ್ಚದ ಸಾಧನವು. ಇದರ ಹಾಲು ತೀಕ್ಷ್ಣವಾದುದರಿಂದ ದನಗಳು ಬಾಯಿ ಹಾಕುವುದಿಲ್ಲ. ಆದರೆ ತಾನಾಗಿ ಬೆಳೆಯಲು ಬಿಟ್ಟ ಕಳ್ಳಿಯು ಮರದಂತೆ ಎತ್ತರವಾಗಿ, ಬುಡದಲ್ಲಿ ಬರಿದಾಗುವುದು. ಆ ಸಂದಿಯಲ್ಲಿ ಕರುವೊಂದು ನುಗ್ಗಿದರೂ ಸಾಕು, ಹಲವು ವರ್ಷಗಳ ಆರೈಕೆಯು ವ್ಯರ್ಥವಾಗುವುದು.

ತೆಂಗಿಗೆ ಸುಳಿಯೊಂದೇ. ಕೊಂಬಿನ ದುಂಬಿಯಾಗಲಿ ಸುಳಿಕೊಳೆ ರೋಗವಾಗಲಿ ಸುಳಿಯ ಮೊಳಕೆಯನ್ನೇ ಕೆಡಿಸಿದರೆ ಮರವು ಸಾಯುವುದು. ಕಳ್ಳಿಯ ಸ್ವಭಾವವು ಹಾಗಲ್ಲ. ಅದರ ಕಾಂಡದುದ್ದಕ್ಕೂ ಸುಪ್ತವಾದ ಮೊಗ್ಗುಗಳುಂಟು. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ದ್ರವ್ಯವು ಕೆಳಕ್ಕಿಳಿದು ಅವುಗಳನ್ನು ಅಡಗಿಸಿಡುವುದು. 1933ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ದ್ವಿದಳ ಧಾನ್ಯದ ಗಿಡವೊಂದರಲ್ಲಿ ಈ ಸಂಗತಿಯನ್ನು ತೋರಿಸಿಕೊಟ್ಟರು. ತುದಿಯನ್ನು ಕತ್ತರಿಸಿದರೆ ಈ ತಡೆಯು ನೀಗಿ, ತುದಿಗೆ ಹರಿಯುತ್ತಿದ್ದ ಸಕ್ಕರೆಯೂ ಪಕ್ಕದ ಮೊಗ್ಗುಗಳಿಗೆ ಒದಗಿ, ಒಂದು ತಲೆಯಿದ್ದಲ್ಲಿ ಹಲವು ತಲೆಗಳು ಏಳುವವು.

ಒಂದಡಿ ಉದ್ದದ ತುಂಡುಗಳನ್ನು ಕತ್ತರಿಸಿ, ಗಾಯವು ಒಣಗುವವರೆಗೆ ಒಂದು ವಾರ ನೆರಳಿನಲ್ಲಿಟ್ಟು, ಮುಂಗಾರಿನ ಆರಂಭದಲ್ಲಿ ಅಡಿಗೊಂದರಂತೆ ನೆಡತಕ್ಕದ್ದು. ನೀರು ನಿಲ್ಲುವೆಡೆಯಲ್ಲಿ ಬುಡವು ಕೊಳೆಯುವುದು. ಗಿಡವು ಬೇರೂರಿ ಮೊಣಕಾಲೆತ್ತರವನ್ನು ಮೀರಿದ ಮೇಲೆ, ಮಳೆಯಿಲ್ಲದ ದಿನ ನೋಡಿ, ಹರಿತವಾದ ಕತ್ತಿಯಿಂದ ಆ ಮಟ್ಟಕ್ಕೆ ಓರೆಯಾಗಿ ಕತ್ತರಿಸತಕ್ಕದ್ದು. ಹೊಸ ಕವಲುಗಳು ಒಂದಡಿ ಬೆಳೆದಾಗ ಅವುಗಳ ತುದಿಯನ್ನೂ ತೆಗೆಯಬೇಕು. ಕತ್ತರಿಸಿದ ತುಂಡುಗಳನ್ನು ಒಣಗಿಸಿ ಸಂದಿಗಳಲ್ಲಿ ನೆಡಬಹುದು. ಹಳೆಯ ಬೇಲಿಯಾದರೆ ಈ ವರ್ಷ ಒಂದು ಬಿಟ್ಟು ಒಂದರಂತೆ ಕಡಿದು, ಉಳಿದವನ್ನು ಮುಂದಿನ ವರ್ಷಕ್ಕೆ ಬಿಡುವುದು ಲೇಸು. ಹೀಗೆ ಮಾಡಿದರೆ ತೋಟವು ಒಮ್ಮೆಲೇ ಬಯಲಾಗುವುದಿಲ್ಲ.

ಕತ್ತಾಳೆಗೆ ಈ ಕ್ರಮವು ಬೇಕಿಲ್ಲ. ಅದು ಬುಡದಲ್ಲಿಯೇ ಮರಿಗಳನ್ನು ಹಾಕುವುದು. ಒಮ್ಮೆ ಹೂಬಿಟ್ಟ ತಾಯಿಗಿಡವು ಸಾಯುವುದಾದುದರಿಂದ, ಮರಿಗಳನ್ನು ಮೊದಲೇ ಬೇರ್ಪಡಿಸಿ ನೆಟ್ಟುಕೊಳ್ಳತಕ್ಕದ್ದು.

ಕೊನೆಯದಾಗಿ ಒಂದು ಎಚ್ಚರಿಕೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವುಂಟು. ಕಡಿಯುವವರು ಕೈಗೆ ಬಟ್ಟೆ ಸುತ್ತಿಕೊಂಡು, ಕಣ್ಣುಗಳನ್ನು ಕಾಪಾಡಿಕೊಂಡು, ಮಕ್ಕಳನ್ನು ದೂರವಿರಿಸಬೇಕು. ಹಾಲು ಸಿಡಿದಲ್ಲಿ ಕಣ್ಣನ್ನು ಉಜ್ಜದೆ, ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.