ತಂತಿಯ ಉದ್ದ ಮತ್ತು ವಿದ್ಯುತ್ ಬಿಲ್ಲಿನ ಭಾರ

ವಿದ್ಯುತ್ ವೆಚ್ಚವನ್ನು ತಗ್ಗಿಸಲು ಹೊರಟ ಸಣ್ಣ ಕೈಗಾರಿಕೋದ್ಯಮಿಗಳು ಮೊದಲು ಪರಿಶೀಲಿಸುವುದು ಮೋಟಾರು ಮತ್ತು ದೀಪಗಳನ್ನು. ಮೀಟರ್ ಬೋರ್ಡಿನಿಂದ ಯಂತ್ರದವರೆಗೆ ಎಳೆದ ತಂತಿಯೂ ವಿದ್ಯುತ್ತನ್ನು ವ್ಯಯಿಸುತ್ತದೆ ಎಂಬುದು ಬಹುತೇಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಈ ಶಕ್ತಿಯನ್ನೂ ಮೀಟರು ಯೂನಿಟ್‌ಗಳಾಗಿ ಎಣಿಸುತ್ತದೆ.

ಮೂಲ ನಿಯಮ

ಪ್ರತಿಯೊಂದು ಲೋಹದ ತಂತಿಯೂ ವಿದ್ಯುತ್ ಪ್ರವಾಹಕ್ಕೆ ತಡೆಯೊಡ್ಡುತ್ತದೆ. ಈ ತಡೆಯೇ ರೋಧ. ಇದರ ಮಾನಕ್ಕೆ ಜರ್ಮನಿಯ ಅಧ್ಯಾಪಕ ಗೇಯಾರ್ಗ್ ಓಮ್ ಅವರ ಹೆಸರಿದೆ. ವಿವಿಧ ಉದ್ದದ ತಂತಿಗಳ ಮೇಲೆ ಪ್ರಯೋಗ ನಡೆಸಿದ ಅವರು ತಮ್ಮ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ತಂತಿಯ ಉದ್ದ ಇಮ್ಮಡಿಯಾದರೆ ರೋಧವೂ ಇಮ್ಮಡಿಯಾಗುತ್ತದೆ. ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾದರೆ ರೋಧ ಅರ್ಧಕ್ಕಿಳಿಯುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ತಂತಿಯ ರೋಧ ತಾಮ್ರದ್ದಕ್ಕಿಂತ ಸುಮಾರು 1.6 ಪಟ್ಟು. ಬಿಸಿಯಾದಂತೆ ರೋಧ ಏರುತ್ತದೆ: 20 ಡಿಗ್ರಿಯಲ್ಲಿದ್ದ ತಾಮ್ರದ ತಂತಿ 70 ಡಿಗ್ರಿಗೆ ತಲುಪಿದರೆ ರೋಧ ಶೇ. 20ರಷ್ಟು ಹೆಚ್ಚುತ್ತದೆ.

ಒಂದು ಲೆಕ್ಕ

ಮೀಟರಿನಿಂದ 60 ಮೀಟರ್ ದೂರದಲ್ಲಿ 230 ವೋಲ್ಟಿನ, 16 ಆಂಪಿಯರ್ ಎಳೆಯುವ ಯಂತ್ರವೊಂದಿದೆ ಎಂದಿಟ್ಟುಕೊಳ್ಳೋಣ. ಪ್ರವಾಹವು ಹೋಗಿ ಹಿಂದಿರುಗಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ 120 ಮೀಟರ್. 2.5 ಚದರ ಮಿ.ಮೀ. ತಾಮ್ರದ ಬಹುಎಳೆ ತಂತಿಗೆ ಭಾರತೀಯ ಮಾನಕ ಐಎಸ್ 8130 ಅನುಮತಿಸುವ ಗರಿಷ್ಠ ರೋಧ ಕಿಲೋಮೀಟರಿಗೆ 7.98 ಓಮ್. ಅದರಂತೆ 120 ಮೀಟರಿನ ರೋಧ 0.96 ಓಮ್. ತಂತಿಯಲ್ಲೇ 15.3 ವೋಲ್ಟ್, ಅಂದರೆ ಶೇ. 6.7ರಷ್ಟು ಕುಸಿಯುತ್ತದೆ, 245 ವ್ಯಾಟ್ ಶಾಖವಾಗಿ ಹೋಗುತ್ತದೆ. ತಿಂಗಳಿಗೆ 200 ಗಂಟೆ ಯಂತ್ರ ನಡೆದರೆ ನಷ್ಟ 49 ಯೂನಿಟ್.

ಅಲ್ಲಿಯೇ 6 ಚದರ ಮಿ.ಮೀ. ತಂತಿ ಹಾಕಿದರೆ ಕುಸಿತ 6.3 ವೋಲ್ಟಿಗೂ ನಷ್ಟ 20 ಯೂನಿಟ್‌ಗೂ ಇಳಿಯುತ್ತದೆ. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಸುಮಾರು 2,400 ರೂಪಾಯಿ ಉಳಿತಾಯ. ದಪ್ಪ ತಂತಿಗೆ ತೆರುವ ಹೆಚ್ಚಿನ ಬೆಲೆಯನ್ನು ಈ ಮೊತ್ತದೊಡನೆ ಹೋಲಿಸಿ ನಿರ್ಧರಿಸುವುದು ಲೇಸು.

ಮೋಟಾರಿಗೆ ಅಪಾಯ

ನಷ್ಟ ಬಿಲ್ಲಿಗಷ್ಟೇ ಸೀಮಿತವಲ್ಲ. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕನುಗುಣವಾಗಿ ಬದಲಾಗುತ್ತದೆ. ವೋಲ್ಟೇಜು ಶೇ. 10ರಷ್ಟು ಇಳಿದರೆ ತಿರುಚುಬಲ ಶೇ. 81ಕ್ಕಿಳಿಯುತ್ತದೆ. ನೇರವಾಗಿ ಚಾಲನೆಗೊಳಿಸುವಾಗ ಮೋಟಾರು ತನ್ನ ಸಾಮಾನ್ಯ ಪ್ರವಾಹದ ಹಲವು ಪಟ್ಟು ಎಳೆಯುವುದರಿಂದ, ಉದ್ದ ತಂತಿಯ ಕೊನೆಯಲ್ಲಿರುವ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಲ್ಲುವುದುಂಟು. ತಿರುಗಿದರೂ ಅದೇ ಹೊರೆಯನ್ನು ಎಳೆಯಲು ಹೆಚ್ಚು ಪ್ರವಾಹ ಬೇಕಾಗಿ ವೈಂಡಿಂಗ್ ಕಾದು ಸುಡುತ್ತದೆ. ಪದೇ ಪದೇ ರೀವೈಂಡಿಂಗ್‌ಗೆ ಹೋಗುವ ಮೋಟಾರಿನ ದೋಷ ಕೆಲವೊಮ್ಮೆ ಮೋಟಾರಿನಲ್ಲಿರದೆ ತಂತಿಯಲ್ಲಿರುತ್ತದೆ.

ಶಿವನಸಮುದ್ರದ ಪಾಠ

ದೂರವನ್ನು ತಗ್ಗಿಸಲಾಗದ ಕಡೆ ಪ್ರವಾಹವನ್ನು ತಗ್ಗಿಸುವುದೇ ದಾರಿ. ಏಕೆಂದರೆ ತಂತಿಯ ನಷ್ಟ ಪ್ರವಾಹದ ವರ್ಗಕ್ಕನುಗುಣವಾಗಿ ಏರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿಸಲು ಸಾಧ್ಯವಾದದ್ದು ಹತ್ತಾರು ಸಾವಿರ ವೋಲ್ಟಿನ ಒತ್ತಡದಿಂದಲೇ. ವೋಲ್ಟೇಜು ಏರಿದಷ್ಟೂ ಅದೇ ಶಕ್ತಿಗೆ ಬೇಕಾದ ಪ್ರವಾಹ ಕಡಿಮೆ. ಶೆಡ್ಡಿನೊಳಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅಷ್ಟೇ ಶಕ್ತಿಯನ್ನು ಅಷ್ಟೇ ದಪ್ಪದ ತಂತಿಯಲ್ಲಿ ಸಿಂಗಲ್ ಫೇಸಿನ ಬದಲು ಸಮತೋಲಿತ ತ್ರೀ ಫೇಸಿನಲ್ಲಿ ಒಯ್ದರೆ ತಂತಿಯ ನಷ್ಟ ಸುಮಾರು ಆರನೆಯ ಒಂದು ಭಾಗಕ್ಕಿಳಿಯುತ್ತದೆ.

ಕೊಳ್ಳುವಾಗ, ಮಾರುವಾಗ

ತಂತಿಯ ವ್ಯಾಪಾರಿಗಳಿಗೂ ಈ ನಿಯಮ ಉಪಯುಕ್ತ. 90 ಮೀಟರಿನ 2.5 ಚದರ ಮಿ.ಮೀ. ಸುರುಳಿಯ ರೋಧ 20 ಡಿಗ್ರಿ ಉಷ್ಣತೆಯಲ್ಲಿ 0.72 ಓಮ್ ಮೀರಬಾರದು; 30 ಡಿಗ್ರಿಯಲ್ಲಿ ಅದು ಶೇ. 4ರಷ್ಟು ಹೆಚ್ಚಬಹುದು. ಮೀರಿದರೆ ತಾಮ್ರ ಕಡಿಮೆಯಿದೆ ಅಥವಾ ಕಳಪೆಯಾಗಿದೆ ಎಂದರ್ಥ. ಆದರೆ ಉದ್ದವನ್ನು ಮೊದಲು ಅಳೆಯಬೇಕು. ತಂತಿ ತೆಳುವಾಗಿದ್ದು ಸುರುಳಿಯೂ ಗಿಡ್ಡವಾಗಿದ್ದರೆ ಒಂದು ಕೊರತೆ ಇನ್ನೊಂದನ್ನು ಮುಚ್ಚಿ ರೋಧ ಸರಿಯಾಗಿಯೇ ಕಾಣುತ್ತದೆ. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ನಂಬಿಕೆಗೆ ಅರ್ಹವಾಗಿ ತೋರಿಸದು. ಸೂಕ್ಷ್ಮ ರೋಧಮಾಪಕವೇ ಬೇಕು.

ಹೊಸ ಶೆಡ್ ಕಟ್ಟುವವರು ಹೆಚ್ಚು ವಿದ್ಯುತ್ ಎಳೆಯುವ ಯಂತ್ರಗಳನ್ನು ಬೋರ್ಡಿನ ಸಮೀಪದಲ್ಲಿರಿಸುವುದು ಉತ್ತಮ. ಇರುವ ಶೆಡ್ಡಿನವರು ಯಂತ್ರ ಪೂರ್ಣ ಹೊರೆಯಲ್ಲಿರುವಾಗ ಬೋರ್ಡಿನಲ್ಲೂ ಯಂತ್ರದ ಬಳಿಯಲ್ಲೂ ವೋಲ್ಟೇಜನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಅಳೆಸಬೇಕು. ಆ ಎರಡು ಅಂಕಿಗಳ ನಡುವಿನ ಅಂತರವೇ ತಂತಿ ಪ್ರತಿದಿನ ವಸೂಲು ಮಾಡುತ್ತಿರುವ ಸುಂಕ.